ಟ್ರೆಡ್‌ಮಿಲ್‌ನ ‘ಫ್ಯಾಟ್ ಬರ್ನ್’ ಚಾರ್ಟ್ ನಂಬಿ ಓಟ ಬಿಡಬೇಕಾ?

ಜಿಮ್ಮಿನ ಟ್ರೆಡ್‌ಮಿಲ್ ಚಾರ್ಟ್‌ನಲ್ಲಿ ನಿಧಾನ ನಡಿಗೆಗೆ ‘ಫ್ಯಾಟ್ ಬರ್ನ್’ ಅಂತ ಬರೆದಿದೆ, ಹಾಗಾದರೆ ಓಡೋದು ದಂಡವೇ ಎಂದು ಕೇಳಿದ್ದೀರಿ. ದಂಡವಲ್ಲ. ಚಾರ್ಟ್ ಸುಳ್ಳೂ ಅಲ್ಲ. ಅದು ತೋರಿಸೋದು ಖರ್ಚಾದ ಕ್ಯಾಲೊರಿಯಲ್ಲಿ ಕೊಬ್ಬಿನ ಶೇಕಡಾವಾರು ಪಾಲು, ನೀವು ನೋಡಬೇಕಾದ್ದು ಕರಗಿದ ಕೊಬ್ಬಿನ ಗ್ರಾಂ.

70 ಕೆ.ಜಿ. ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ದೇಹ ನಿಮಿಷಕ್ಕೆ ಸುಮಾರು 0.85 ಲೀಟರ್ ಆಮ್ಲಜನಕ ಬಳಸುತ್ತದೆ. ಲೀಟರ್‌ಗೆ ಹೆಚ್ಚುಕಮ್ಮಿ 5 ಕ್ಯಾಲೊರಿಯಂತೆ ಅರ್ಧ ಗಂಟೆಗೆ 125. ಅದರಲ್ಲಿ ಅರ್ಧ ಕೊಬ್ಬಿನದು ಅಂದುಕೊಂಡರೆ 7 ಗ್ರಾಂ ಕರಗಿತು. ಅವರೇ 8 ಕಿ.ಮೀ. ವೇಗದಲ್ಲಿ ಓಡಿದರೆ ನಿಮಿಷಕ್ಕೆ 2 ಲೀಟರ್, ಒಟ್ಟು 300 ಕ್ಯಾಲೊರಿ. ಕೊಬ್ಬಿನ ಪಾಲು ಕಾಲು ಭಾಗಕ್ಕಿಳಿದರೂ 8 ಗ್ರಾಂ ಆಯಿತಲ್ಲ! ಎರಡೂ ಲೆಕ್ಕ ಒಗ್ಗರಣೆಗೆ ಹಾಕುವ ಎರಡು ಟೀ ಚಮಚ ಎಣ್ಣೆಯನ್ನು ದಾಟುವುದಿಲ್ಲ ಅನ್ನೋದು ಬೇರೆ ಮಾತು.

ವೇಗ ಹೆಚ್ಚಿದಂತೆ ಕೊಬ್ಬಿನ ಪಾಲು ಯಾಕೆ ಇಳಿಯುತ್ತದೆ? ಅದರ ದಾರಿ ದೂರ. ಅಡ್ರಿನಲಿನ್ ಸೂಚನೆಗೆ ಕೊಬ್ಬಿನ ಕೋಶ ಬಿಟ್ಟುಕೊಟ್ಟ ಕೊಬ್ಬಿನಾಮ್ಲ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸ್ನಾಯುವಿಗೆ ಬರಬೇಕು, ಕಾರ್ನಿಟಿನ್ ಎಂಬ ಸಾಗಣೆ ವಸ್ತುವನ್ನು ಹಿಡಿದು ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯಾದ ಒಳಗೆ ಹೋಗಬೇಕು. ಗ್ಲೈಕೋಜೆನ್, ಅಂದರೆ ದೇಹ ಕೂಡಿಟ್ಟ ಕಾರ್ಬೊಹೈಡ್ರೇಟ್, ಸ್ನಾಯುವಿನೊಳಗೇ ಕೂತಿರುತ್ತದೆ. ಆಮ್ಲಜನಕದ ಲೆಕ್ಕದಲ್ಲೂ ಅದೇ ಮಿತವ್ಯಯಿ: ಒಂದು ಲೀಟರ್‌ಗೆ ಕಾರ್ಬೊಹೈಡ್ರೇಟ್ 5.05 ಕ್ಯಾಲೊರಿ ಕೊಟ್ಟರೆ ಕೊಬ್ಬು 4.69 ಅಷ್ಟೇ. ಕೆಲವು ವಾರ ಬಿಡದೆ ಅಭ್ಯಾಸ ಮಾಡಿದರೆ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಅದೇ ವೇಗದಲ್ಲಿ ಕೊಬ್ಬಿನ ಪಾಲು ಏರುತ್ತದೆ.

ಹಾಗಂತ ಕೂತಲ್ಲೇ ಜೋರಾಗಿ ಉಸಿರೆಳೆದರೆ ಕೊಬ್ಬು ಕರಗದು. ಆರೋಗ್ಯವಂತರ ಅಪಧಮನಿ ರಕ್ತದ ಹಿಮೋಗ್ಲೋಬಿನ್ ಸುಮ್ಮನಿದ್ದಾಗಲೂ ಆಮ್ಲಜನಕದಿಂದ ಶೇ 95ಕ್ಕಿಂತ ಹೆಚ್ಚು ತುಂಬಿರುತ್ತದೆ. ಆ ಆಮ್ಲಜನಕವನ್ನು ಖರ್ಚು ಮಾಡುವ ಸ್ನಾಯು ದುಡಿಯಬೇಕಷ್ಟೆ. ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್ ಇನ್ನೂ ದೊಡ್ಡ ಮೋಸ. 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ 8.4 ಕೆ.ಜಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ, ಮಿಕ್ಕ 1.6 ಕೆ.ಜಿ. ಮಾತ್ರ ನೀರು. ಜಾಕೆಟ್ ಇಳಿಸಿದ ತೂಕ ಒಂದು ಚೊಂಬು ನೀರು ಕುಡಿದರೆ ವಾಪಸ್.

ಮಂಡಿ ನೋವಿದ್ದರೆ ದಿನಾ 45 ನಿಮಿಷ ಬಿರುಸಾಗಿ ನಡೆಯಿರಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಂಡಿ ಗಟ್ಟಿಯಿದ್ದರೆ ವಾರಕ್ಕೆರಡು ದಿನ ಓಟವನ್ನೂ ಸೇರಿಸಿ. ಹೊರಡುವ ಮುಂಚೆ ಸಕ್ಕರೆ ಹಾಕಿದ ಕಾಫಿ ಬೇಡ. ಇನ್ಸುಲಿನ್ ಏರಿದರೆ ಕೊಬ್ಬಿನ ಕೋಶ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ದಾರಿಯಲ್ಲೇ ಶುಗರ್ ಇಳಿದು ತಲೆ ಸುತ್ತಬಹುದು.