ಒಂದು ರಾತ್ರಿಗೆ 17 ಗೀಟು

ಚಿಕ್ಕಬಳ್ಳಾಪುರದ ಈ ಮಹಿಳೆಗೆ ಮೂವತ್ತೆಂಟು ವರ್ಷ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಅತ್ತೆ ದೇವಸ್ಥಾನಕ್ಕೆ ಮಾರುಗಟ್ಟಲೆ ಹೂ ಕಟ್ಟಿಕೊಡುತ್ತಿದ್ದವರು. ಸೊಸೆ ಅದೇ ಕಸುಬನ್ನು ಮದುವೆ ಅಲಂಕಾರಕ್ಕೆ ತಿರುಗಿಸಿದರು. ಈಗ ಬೆಂಗಳೂರಿನವರು ನಂದಿಬೆಟ್ಟದ ಸುತ್ತಿನ ತೋಟಗಳಿಗೆ ಬಂದು ‘ಹಳ್ಳಿ ಥರ’ ಮದುವೆ ಮಾಡುತ್ತಾರೆ. ತೆಂಗಿನ ಗರಿಯ ಚಪ್ಪರ, ಹೊಂಬಾಳೆ, ಎತ್ತಿನ ಗಾಡಿಗೆ ಚೆಂಡುಹೂವಿನ ಹಾರ. ಹಳ್ಳಿಯವರು ಎಸಿ ಛತ್ರ ಹುಡುಕುತ್ತಿರುವ ಕಾಲವಿದು, ಇರಲಿ. ಏಪ್ರಿಲ್, ಮೇ ಲಗ್ನಗಳೇ ಇವರಿಗೆ ವರ್ಷದ ಅನ್ನ.

ಎದೆ ಡವಗುಟ್ಟುತ್ತದೆಂದು ವೈದ್ಯರಿಗೆ ತೋರಿಸಿದ್ದರು. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. ಅಲ್ಲಿಂದ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬಂದರು.

ಶುರುವಾದದ್ದು ಹಿಂದಿನ ಬೇಸಿಗೆಯ ಒಂದು ಮದುವೆಯಲ್ಲಿ. ರಾತ್ರಿ ತೋಟದ ಉಗ್ರಾಣದಲ್ಲಿ ಇಟ್ಟ ಕಾರ್ನೇಷನ್ ಹೂಗಳು ಬೆಳಗಾಗುವಷ್ಟರಲ್ಲಿ ದಳ ಮುದುರಿಕೊಂಡು ತಲೆ ಬಾಗಿಸಿದ್ದವು. ಹುಡುಗಿಯ ತಾಯಿ ನೆಂಟರೆದುರೇ, “ನಿನ್ನೆ ಮಿಕ್ಕಿದ್ದು ತಂದು ಹಾಕಿದ್ದೀಯಾ?” ಎಂದರಂತೆ. ಬಾಕಿ ಹಣವೂ ಬರಲಿಲ್ಲ. ಅಂದಿನಿಂದ ಲಗ್ನದ ಹಿಂದಿನ ರಾತ್ರಿ ಇವರಿಗೆ ನಿದ್ದೆಯಿಲ್ಲ. ಥರ್ಮೋಕೋಲ್ ಬಾಕ್ಸ್ ತೆರೆಯುವುದು, ಹೂ ತಿರುವಿ ನೋಡುವುದು, ನೀರು ಚಿಮುಕಿಸುವುದು, ಮುಚ್ಚುವುದು. ಮತ್ತೆ ಗಂಡನನ್ನು ಎಬ್ಬಿಸಿ, “ರೀ, ಚೆನ್ನಾಗೈತಾ ನೋಡಿ.” ಎಷ್ಟು ಸಲ ಎಂದು ಲೆಕ್ಕ ಇಡಲು ಹೇಳಿದೆ. ಹೂವಿನ ಕರೆ ಹತ್ತಿದ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀಟು ಎಳೆದು ತಂದರು. ಎಣಿಸಿದರೆ 17.

“ಕೆಲಸಕ್ಕೆ ಬಂದ ಹೊಸ ಹುಡುಗಿ ಸುಗಂಧರಾಜವನ್ನು ಹೀಗೆ ಮುಟ್ಟಿ ಮುಟ್ಟಿ ನೋಡಿದರೆ ಏನಂತೀರಿ?” ಎಂದು ಕೇಳಿದೆ.

“ಕಂದೋಗ್ತದೆ, ಕೈ ತೆಗಿ ಅಂತೀನಿ ಮೇಡಂ.” ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆತಂಕಕ್ಕೆ ಇದು ಹಳೆಯ ಚಾಳಿ. ತೆರೆದು ನೋಡಿದರೆ ಹತ್ತು ನಿಮಿಷ ಸಮಾಧಾನ, ಆಮೇಲೆ ಅನುಮಾನ ಇನ್ನೂ ಜೋರಾಗಿ ಹಿಂತಿರುಗುತ್ತದೆ. ಅತ್ತ ಬಾಕ್ಸಿನ ತಂಪು ಹೋಗಿ, ಒದ್ದೆ ದಳ ಕಪ್ಪಾಗಿ, ಅನುಮಾನ ನಿಜವೂ ಆಗುತ್ತದೆ. ಅದಕ್ಕೇ ನೋಡುವುದನ್ನು ಮೂರು ಹೊತ್ತಿಗೆ ಕಟ್ಟಿಹಾಕಿದೆವು: ರಾತ್ರಿ ಹತ್ತಕ್ಕೆ ಐಸ್ ಇಡುವಾಗ, ಮೂರಕ್ಕೆ ಗಾಡಿಗೆ ತುಂಬುವಾಗ, ಚಪ್ಪರದಲ್ಲಿ ಇಳಿಸುವಾಗ. ನಡುವೆ ಕೈ ಹಾಕುವಂತಿಲ್ಲ. “ಆವಾಗ ದೇವರ ನಾಮ ಹೇಳ್ಕೊಳ್ಳಲಾ?” ಎಂದರು. ಬೇಡ ಎಂದೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಭಯ ಏರಿ ತಾನಾಗಿಯೇ ಇಳಿಯುವುದನ್ನು ಇವರು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಗಂಡನಿಗೂ ಒಂದು ಮಾತು ಹೇಳಿದೆ. ಕೇಳಿದಾಗಲೆಲ್ಲ “ಏನಾಗಲ್ಲ ಬಿಡು” ಅನ್ನಬೇಡಿ, “ಮೂರು ಗಂಟೆಗೆ ನೋಡೋಣ” ಅನ್ನಿ. ಆತನಿಗೆ ಇದು ಹೆಂಡತಿಗಿಂತ ಕಷ್ಟವಾಯಿತು.

ಕಾರ್ನೇಷನ್ ಯಾಕೆ ಬಾಡಿತು ಎಂಬುದು ನನ್ನನ್ನೂ ಕೊರೆಯುತ್ತಿತ್ತು. ತೋಟಗಾರಿಕೆ ಬಲ್ಲ ಪರಿಚಿತರನ್ನು ಕೇಳಿದೆ. “ಆ ಕೋಣೆಯಲ್ಲಿ ಹಣ್ಣೇನಾದರೂ ಇತ್ತಾ?” ಎಂದರು. ಇತ್ತು. ಹಳ್ಳಿ ಕಳೆ ಬರಲೆಂದು ಮದುವೆಯವರೇ ಮಾಗುತ್ತಿದ್ದ ಮಾವಿನ ಬುಟ್ಟಿಗಳನ್ನು ಅಲ್ಲಿ ಇಡಿಸಿದ್ದರು. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಕಾರ್ನೇಷನ್‌ಗೆ ಅದು ಆಗಿಬರುವುದಿಲ್ಲ. ಇದನ್ನು ನಾನು ಮೂರನೇ ಭೇಟಿಯವರೆಗೂ ಹೇಳಲಿಲ್ಲ. ಮೊದಲೇ ಹೇಳಿದ್ದರೆ ಇವರು ಬಾಕ್ಸ್ ಬಿಟ್ಟು ಮಾವಿನಹಣ್ಣು ಹುಡುಕುತ್ತಾ ರಾತ್ರಿ ಕಳೆಯುತ್ತಿದ್ದರು.

ಮುಂಗಡ ತೆಗೆದುಕೊಳ್ಳುವಾಗಲೇ ಒಂದು ಚೀಟಿ ಬರೆಸಿಕೊಳ್ಳಿ ಎಂದೂ ಹೇಳಿದೆ: ಬಿಸಿಲಿಗೆ ಚೆಂಡುಹೂ, ಸೇವಂತಿಗೆ, ಮಾವಿನ ಸೊಪ್ಪು ಮಾತ್ರ, ಸೂಕ್ಷ್ಮ ಹೂ ನೆರಳಿಗೆ, ಅದೂ ಮುಹೂರ್ತಕ್ಕೆ ಎರಡು ಗಂಟೆ ಮುಂಚೆ. ಫೋನಿನಲ್ಲಿ ಫಾರಿನ್ ಮದುವೆಯ ಫೋಟೊ ತೋರಿಸಿದವರಿಗೆ “ನಮ್ಮ ಬಿಸಿಲಿಗೆ ನಿಲ್ಲಲ್ಲ” ಎನ್ನುವುದನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಮೊದಲೆರಡು ಸಲ ದನಿಯೇ ಏಳಲಿಲ್ಲ. ರಾತ್ರಿ ತಡೆಯಲಾರದಷ್ಟಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೆ, ಅದು ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ. ಅದರ ಅಗತ್ಯ ಬೀಳಲಿಲ್ಲ.

ಈ ಮೇ ಕೊನೆಗೆ ಬಂದಾಗ ಬಿಲ್ ಪುಸ್ತಕದಲ್ಲಿ ನಾಲ್ಕು ಗೀಟು ಇದ್ದವು. ಮೂರಕ್ಕೆ ಒಂದು ಹೆಚ್ಚು. ಒಂದು ಮದುವೆಯಲ್ಲಿ ಹಾರ ಬಾಡಿತ್ತಂತೆ. “ಹನ್ನೊಂದು ಗಂಟೆ ಬಿಸ್ಲು, ಬಾಡ್ತು ಮೇಡಂ,” ಎಂದರು. ಬಾಕಿ ಬಂತಾ ಎಂದೆ. ಅರ್ಧ ಬಂದಿದೆ, ಉಳಿದದ್ದಕ್ಕೆ ಗಂಡ ಚೀಟಿ ಹಿಡಿದು ಬೆಂಗಳೂರಿಗೆ ಹೋಗಿದ್ದಾರೆ.