ಸಂಸತ್ತು ಕೈತಪ್ಪಿದರೂ ಅಧ್ಯಕ್ಷರು ಮತ್ತೆ ಗೆಲ್ಲುವುದು ಹೇಗೆ?

ಪ್ರಶ್ನೆ: 2010ರಲ್ಲಿ ಒಬಾಮಾ ಅವರ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು. ಎರಡೇ ವರ್ಷಕ್ಕೆ ಅವರು ಮತ್ತೆ ಅಧ್ಯಕ್ಷರಾದರು. ಅಮೆರಿಕದ ಮತದಾರರು ಅಷ್ಟು ಬೇಗ ಮನಸ್ಸು ಬದಲಿಸುತ್ತಾರೆಯೇ?

ಉತ್ತರ: ಮನಸ್ಸಿಗಿಂತ ಹೆಚ್ಚಾಗಿ, ಮತಗಟ್ಟೆಗೆ ಬರುವ ಜನ ಬದಲಾಗುತ್ತಾರೆ. 2010ರದ್ದು ಮಧ್ಯಂತರ ಚುನಾವಣೆ. ನಮ್ಮಲ್ಲಿ ಮಧ್ಯಂತರ ಚುನಾವಣೆ ಎಂದರೆ ಸದನ ಅವಧಿಗೆ ಮೊದಲೇ ವಿಸರ್ಜನೆಯಾದಾಗ ನಡೆಯುವುದು. ಅಲ್ಲಿ ಅದು ಅಧ್ಯಕ್ಷರ ನಾಲ್ಕು ವರ್ಷದ ನಡುವೆ ತಪ್ಪದೆ ಬರುತ್ತದೆ. ಕೆಳಮನೆಯ ಎಲ್ಲ 435 ಸ್ಥಾನಗಳಿಗೆ, ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೆ ಮತದಾನ. ಅಧ್ಯಕ್ಷರ ಹೆಸರು ಮಾತ್ರ ಮತಪತ್ರದಲ್ಲಿ ಇರುವುದಿಲ್ಲ. 2010ರಲ್ಲಿ ಅರ್ಹರ ಪೈಕಿ ಸುಮಾರು ಶೇ 41 ಮಂದಿ ಮತ ಹಾಕಿದ್ದರು, 2012ರಲ್ಲಿ ಸುಮಾರು ಶೇ 58. ಸರ್ಕಾರದ ಮೇಲೆ ಸಿಟ್ಟಾದವರು ಎರಡೂ ಸಲ ಬರುತ್ತಾರೆ. ಯುವಕರಲ್ಲಿ ಬಹಳಷ್ಟು ಮಂದಿ ಬರುವುದು ಅಧ್ಯಕ್ಷೀಯ ಚುನಾವಣೆಗೆ ಮಾತ್ರ.

ಸಂಸತ್ತು ಎದುರಾಳಿಗಳ ಕೈಗೆ ಹೋದರೆ ಅಧ್ಯಕ್ಷರಿಗೆ ಇನ್ನೊಂದು ಅನುಕೂಲವೂ ಇದೆ: ತಪ್ಪು ಹೊರಿಸಲು ಒಬ್ಬರು ಸಿಗುತ್ತಾರೆ. 1994ರಲ್ಲಿ ಕ್ಲಿಂಟನ್ ಎರಡೂ ಮನೆ ಕಳೆದುಕೊಂಡರು. ಬಜೆಟ್ ಜಗಳದಲ್ಲಿ ಸರ್ಕಾರಿ ಕಚೇರಿಗಳು ಮೊದಲು 5 ದಿನ, ಆಮೇಲೆ 21 ದಿನ ಬಾಗಿಲು ಹಾಕಿದವು; ಜನ ಹೆಚ್ಚಾಗಿ ಬೈದದ್ದು ಎದುರಾಳಿ ರಿಪಬ್ಲಿಕನ್ನರನ್ನು. 1996ರಲ್ಲಿ ಕ್ಲಿಂಟನ್‌ಗೆ 538ರಲ್ಲಿ 379 ಎಲೆಕ್ಟೊರಲ್ ಮತ (ರಾಜ್ಯಗಳಿಗೆ ಹಂಚಿದ, ಅಧ್ಯಕ್ಷರನ್ನು ಆರಿಸುವ ಮತ). ಟ್ರೂಮನ್ 1948ರಲ್ಲಿ ಗೆದ್ದದ್ದೂ ಸಂಸತ್ತನ್ನೇ ಬೈಯುತ್ತ.

ಕಾಲವೂ ಕೆಲಸ ಮಾಡುತ್ತದೆ. 1982ರ ಕೊನೆಗೆ ನಿರುದ್ಯೋಗ ಶೇ 10.8 ಇತ್ತು, ರೇಗನ್ ಪಕ್ಷ 26 ಸ್ಥಾನ ಕಳೆದುಕೊಂಡಿತ್ತು. 1984ರ ನವೆಂಬರಿಗೆ ಅದು ಶೇ 7ರ ಆಸುಪಾಸಿಗೆ ಇಳಿದಿತ್ತು. ರೇಗನ್ 50ರಲ್ಲಿ 49 ರಾಜ್ಯ ಗೆದ್ದರು.

ಹಾಗಾಗಿ ಕಳೆದುಹೋದ ಸ್ಥಾನಗಳನ್ನು ಎಣಿಸಿ ಭವಿಷ್ಯ ಹೇಳುವುದು ಬೇಡ. ಹಿರಿಯ ಬುಷ್ 1990ರಲ್ಲಿ ಕಳೆದುಕೊಂಡದ್ದು ಹತ್ತಕ್ಕಿಂತ ಕಡಿಮೆ ಸ್ಥಾನ, ಆದರೂ 1992ರಲ್ಲಿ ಸೋತರು. ನೋಡಬೇಕಾದದ್ದು ಅಧ್ಯಕ್ಷರ ಸ್ವಂತ ಪಕ್ಷದ ಒಳಗೆ. 1976ರಲ್ಲಿ ಫೋರ್ಡ್‌ಗೆ ರೇಗನ್, 1980ರಲ್ಲಿ ಕಾರ್ಟರ್‌ಗೆ ಟೆಡ್ ಕೆನಡಿ, 1992ರಲ್ಲಿ ಬುಷ್‌ಗೆ ಬ್ಯೂಕ್ಯಾನನ್ ಪಕ್ಷದೊಳಗೇ ಸವಾಲು ಹಾಕಿದರು. ಮೂವರೂ ಟಿಕೆಟ್ ಉಳಿಸಿಕೊಂಡರು, ಚುನಾವಣೆ ಸೋತರು. ಒಳಜಗಳ ಇಲ್ಲದ ಅಧ್ಯಕ್ಷರಾದರೆ ಎದುರಾಳಿಗಳು ತಮ್ಮತಮ್ಮಲ್ಲೇ ಬಡಿದಾಡುತ್ತಿರುವಾಗ ಹಣ ಕೂಡಿಸಿ, ಪೈಪೋಟಿಯ ರಾಜ್ಯಗಳಲ್ಲಿ ಕಚೇರಿ ತೆರೆದಿರುತ್ತಾರೆ.

ಟ್ರಂಪ್‌ಗೆ 2020ರಲ್ಲಿ ಅಂಥ ಗಟ್ಟಿ ಸವಾಲು ಇರಲಿಲ್ಲ, ಆದರೂ ಕೋವಿಡ್ ವರ್ಷದಲ್ಲಿ ಸೋತರು. ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಅಂತರ ಸುಮಾರು 43,000 ಮತ. ಅವು ಮೂರೂ ಅವರಿಗೆ ದಕ್ಕಿದ್ದರೆ ಎಲೆಕ್ಟೊರಲ್ ಮತಗಳ ಲೆಕ್ಕ 269–269ರ ಸಮಬಲಕ್ಕೆ ನಿಲ್ಲುತ್ತಿತ್ತು.