ಪಕ್ಕದಲ್ಲಿ ಕೂತವರ ಹೆಸರೂ ಬರೆಯಿರಿ

ಹೋದ ಸಂಚಿಕೆಯಲ್ಲಿ ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಕಛೇರಿಗಳ ನೆನಪು ಬರೆದಿದ್ದೆ. ದೊಡ್ಡ ಗವಾಯಿಗಳ ಜೊತೆ ತಬಲಾ, ಪೇಟಿ (ಹಾರ್ಮೋನಿಯಂ), ತಂಬೂರಿ ಹಿಡಿದು ಕೂತವರ ಬಗ್ಗೆ ಜಾಸ್ತಿಯೇ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸಂಪಾದಕರು ಕಳಿಸಿಕೊಟ್ಟಿದ್ದಾರೆ. ನಾನು ಸಂಗೀತ ಕಲಿತವಳಲ್ಲ, ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದು ಸಂಗೀತ ಕೇಳಿಕೊಂಡು ಬಂದವಳು. ಕೇಳಿದವಳಾಗಿಯೇ ಉತ್ತರ ಕೊಡುತ್ತೇನೆ.

ಜನ ಬರುವುದು ಮುಖ್ಯ ಕಲಾವಿದರಿಗಾಗಿ. ನೀವು ನೋಡಿದರೆ ಸಾಥ್ ಕೊಡುವವರನ್ನೇ ಹೊಗಳುತ್ತೀರಿ. ಸ್ವಲ್ಪ ಅತಿಯಾಯಿತು ಅನ್ನಿಸಲಿಲ್ವಾ ಮೇಡಂ? – ದಾವಣಗೆರೆಯ ಓದುಗರು

ಇಲ್ಲ ಸರ್, ಅನ್ನಿಸಲಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಕಾಕಾ ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದರು. ಕಂಪನಿ ಮುಚ್ಚಿದ ಮೇಲೆ ಗಣಪತಿ ಹಬ್ಬದ ಕಾರ್ಯಕ್ರಮ, ಮಠದ ಜಾತ್ರೆ, ಯಾರದೋ ಮನೆಯ ಬೈಠಕ್, ಎಲ್ಲಿ ಕರೆದರೂ ಹೋಗುತ್ತಿದ್ದರು. ನಾನು ಚಿಕ್ಕವಳು, ಬೆನ್ನು ಹತ್ತಿ ಹೋಗುತ್ತಿದ್ದೆ. ಕಾಕಾ ಒಂದೇ ಮಾತು ಹೇಳಿಕೊಟ್ಟಿದ್ದರು: ‘ಬರೇ ಹಾಡೋರ ಮಾರಿ ನೋಡಬ್ಯಾಡವಾ, ಬಾಜೂಕ ಕುಂತವರ ಕೈನೂ ನೋಡು.’ ಆ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಗಳು ಈಗಲೂ ನನ್ನ ಹತ್ತಿರ ಇವೆ. ಗವಾಯಿಗಳ ಹೆಸರು ದಪ್ಪ ಅಕ್ಷರದಲ್ಲಿದೆ. ಅಧ್ಯಕ್ಷರ ಹೆಸರಿದೆ, ಹೂಮಾಲೆ ಹಾಕುವವರ ಹೆಸರೂ ಇದೆ. ಕಾಕಾನ ಹೆಸರು ಇರಬೇಕಾದ ಜಾಗದಲ್ಲಿ ‘ಸಾಥಿ ಕಲಾವಿದರೊಂದಿಗೆ’ ಅಂತ ಇದೆ.

ಇದು ಬರೀ ಮಾನ-ಮರ್ಯಾದೆಯ ಪ್ರಶ್ನೆ ಅಲ್ಲ. ವಿಲಂಬಿತ, ಅಂದರೆ ನಿಧಾನ ಗತಿಯ ಏಕತಾಲವನ್ನೇ ನೋಡಿ. ತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, ಹನ್ನೆರಡು ಮಾತ್ರೆ (ಎಣಿಕೆ). ಕಿರಾಣಾ ಘರಾಣೆಯವರು (ಘರಾಣೆ ಅಂದರೆ ಗಾಯನದ ಪರಂಪರೆ) ತುಂಬ ನಿಧಾನಕ್ಕೆ ಹಾಡುವಾಗ ಒಂದು ಆವರ್ತ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಹಾಡುವವರು ಆ ಒಂದು ನಿಮಿಷದಲ್ಲಿ ಎಲ್ಲೆಲ್ಲೋ ತಿರುಗಾಡಿ ಬರಬಹುದು. ತಬಲಾದವರು ಮಾತ್ರ ಕೂತ ಜಾಗ ಬಿಡುವ ಹಾಗಿಲ್ಲ. ಅರ್ಧ ಗಂಟೆ ಬರೀ ಠೇಕಾ, ಅದೇ ತಾಳದ ಪೆಟ್ಟುಗಳು ಮತ್ತೆ ಮತ್ತೆ. ಲಯ ಒಂದು ಕೂದಲೆಳೆ ಜಗ್ಗಬಾರದು, ಓಡಬಾರದು. ಕೈಯಲ್ಲಿ ಎಷ್ಟೇ ತಯಾರಿ ಇದ್ದರೂ ತೋರಿಸದೆ ಕೂರಬೇಕು. ಹುಬ್ಬಳ್ಳಿಯ ಬಸವರಾಜ ಬೆಂಡಿಗೇರಿ, ಧಾರವಾಡದ ರಘುನಾಥ ನಾಕೋಡ ಅವರ ತಬಲಾ ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಅವರು ಕೂತರೆ ಹಾಡುವವರ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ಆ ನೆಮ್ಮದಿ ಇದ್ದರೇ ರಾಗ ಬಿಚ್ಚಿಕೊಳ್ಳುವುದು.

ಗಂಗೂಬಾಯಿ ಹಾನಗಲ್ ಅವರ ಹಾಡನ್ನು ಎದುರಿಗೆ ಕೂತು ಕೇಳುವ ಭಾಗ್ಯ ನಮಗೆ ಸಿಗಲಿಲ್ಲ. ಹೇಗಿರುತ್ತಿತ್ತು, ಸ್ವಲ್ಪ ವಿವರವಾಗಿ ಹೇಳುತ್ತೀರಾ? – ಮೈಸೂರಿನ ಓದುಗರು

ವಿವರವಾಗಿಯೇ ಹೇಳುತ್ತೇನಮ್ಮಾ. ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ.

ಬಾಯಿಯವರದು ಸಣ್ಣ ಆಳು. ಇಳಕಲ್ಲ ಸೀರೆ, ಹಣೆಯಲ್ಲಿ ಕುಂಕುಮ. ವೇದಿಕೆಗೆ ಬಂದು ಕೂತರೆ ನಮ್ಮ ಓಣಿಯ ಹಿರಿಯರೊಬ್ಬರು ಕೂತ ಹಾಗೇ ಇರುತ್ತಿತ್ತು. ಷಡ್ಜ ಹಚ್ಚಿದ ಕೂಡಲೇ ಇಡೀ ಸಭೆ ನೆಟ್ಟಗಾಗುತ್ತಿತ್ತು. ಗಂಟಲ ಚಿಕಿತ್ಸೆಯ ನಂತರ ಅವರ ದನಿ ಬದಲಾಗಿ, ಗಂಡು ದನಿಯ ಹಾಗೆ ಭಾರವಾಯಿತು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಭಾರವಾದ ದನಿಯಲ್ಲಿ ಮಾರವಾ, ಪೂರಿಯಾದಂಥ ಸಂಜೆಯ ರಾಗ ಕೇಳಬೇಕು. ಒಂದೊಂದು ಸ್ವರದ ಮೇಲೂ ಅವರು ನಿಲ್ಲುತ್ತಿದ್ದರು. ಅವಸರ ಅನ್ನುವುದೇ ಇರಲಿಲ್ಲ. ಗುರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದವರು ಅವರು. ಆ ಶ್ರದ್ಧೆ ಹಾಡಿನಲ್ಲಿ ಕೇಳಿಸುತ್ತಿತ್ತು.

ನಾನು ಕಣ್ಣಿಟ್ಟು ನೋಡುತ್ತಿದ್ದದ್ದು ಅವರ ಹಿಂದೆ ಕೂತ ಕೃಷ್ಣಾ ಹಾನಗಲ್ ಅವರನ್ನು. ಕೃಷ್ಣಾ ಮಗಳು, ಶಿಷ್ಯೆ, ಕಛೇರಿಯ ಎರಡನೆಯ ದನಿ. ತಾಯಿ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಒಂದು ಮಾತು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕೃಷ್ಣಾ ಅದೇ ಎಳೆಯನ್ನು ಹಿಡಿದು ಒಂದು ಮೆಟ್ಟಿಲು ಮೇಲೆ ಇಟ್ಟುಬಿಡುತ್ತಿದ್ದರು. ತಾಯಿ ಮುಂದಿನ ಮಾತನ್ನು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ತಾಯಿಗಿಂತ ಮುಂದೆ ಹೋಗಬಾರದು, ಹಿಂದೆಯೂ ಉಳಿಯಬಾರದು. ಒಳ್ಳೆಯ ಕಂಠ ಇದ್ದವರು ಅಷ್ಟು ವರ್ಷ ಹಾಗೆ ಅಳತೆ ಹಿಡಿದು ಹಾಡುವುದು ಸುಮ್ನೆ ಅಲ್ಲ. ತಬಲಾದ ಮೇಲೆ ಬಾಯಿಯವರ ಮನೆಯವರೇ ಆದ ಶೇಷಗಿರಿ ಹಾನಗಲ್ ಕೂತರಂತೂ ಅದು ಮನೆಮಂದಿಯ ಮಾತುಕತೆಯೇ.

ಕೃಷ್ಣಾ 2004ರಲ್ಲಿ ತೀರಿಕೊಂಡರು. ತಾಯಿ ಇದ್ದದ್ದು 2009ರ ಜುಲೈವರೆಗೆ. ಅವರ ಹಳೆಯ ಧ್ವನಿಮುದ್ರಿಕೆ ಹಾಕಿದಾಗ ಆ ಹಿಂದಿನ ದನಿ ಬರುವ ಜಾಗಗಳನ್ನು ನಾನು ಈಗಲೂ ಕಾಯುತ್ತೇನೆ. ನೀವೂ ಹಾಗೆ ಕೇಳಿ ನೋಡಿ. ಅದೇ ಹಾಡು ಬೇರೆ ಥರ ಕೇಳಿಸುತ್ತದೆ.

ಹಿಂದೆ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧ ಇತ್ತಂತೆ, ಹೌದಾ? – ಶಿವಮೊಗ್ಗದ ವಿದ್ಯಾರ್ಥಿ

ಹೌದಪ್ಪಾ, ಇತ್ತು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನುಡಿಸುವ ಹಾಗಿರಲಿಲ್ಲ. ಕೀಲಿಮಣೆಯ ವಾದ್ಯದಲ್ಲಿ ಸ್ವರಗಳು ಬಿಡಿಬಿಡಿ, ನಮ್ಮ ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವುದು), ಶ್ರುತಿಗಳಿಗೆ ಅದು ಒಗ್ಗುವುದಿಲ್ಲ ಅನ್ನುವುದು ವಾದ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಂದರೆ ನಾನು ಮಗುವಾಗಿದ್ದಾಗ ರೇಡಿಯೋದಲ್ಲಿ ಗಾಯನದ ಜೊತೆ ಪೇಟಿ ಕೇಳಿದ್ದೇ ಇಲ್ಲ. ಸಾರಂಗಿಯೋ ಪಿಟೀಲೋ ಇರುತ್ತಿತ್ತು. ಅದೇ ಗವಾಯಿಗಳು ಊರ ಕಛೇರಿಗೆ ಬಂದರೆ ಪಕ್ಕದಲ್ಲಿ ಪೇಟಿ!

ಮನೆಯಲ್ಲಿ ಇದರ ಮೇಲೆ ದೊಡ್ಡ ವಾದ ನಡೆಯುತ್ತಿತ್ತು. ಕಾಕಾಗೆ ಆ ನಿಷೇಧ ತನ್ನ ಮೇಲೇ ಹಾಕಿದ ಹಾಗೆ. ವಾದದಲ್ಲಿ ಅರ್ಧ ನಿಜ ಇದೆ ಅಂತ ನಾನೂ ಒಪ್ಪುತ್ತೇನೆ. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಆದರೆ ಧಾರವಾಡದ ವಸಂತ ಕನಕಾಪುರ ಅವರ ಪೇಟಿ ಕೇಳಿದ ಮೇಲೆ ಉಳಿದರ್ಧದ ಮೇಲೆ ನಂಬಿಕೆ ಹೋಯಿತು. ಎಲ್ಲಿ ನುಡಿಸಬೇಕು ಅನ್ನುವುದಕ್ಕಿಂತ ಎಲ್ಲಿ ಬೆರಳು ಎತ್ತಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಗವಾಯಿಗಳು ಮೀಂಡು ಎಳೆಯುವಾಗ ಸುಮ್ಮನಾಗಿ, ಅವರು ಬಂದು ನಿಲ್ಲುವ ಸ್ವರದಲ್ಲಿ ಮೆಲ್ಲಗೆ ಜೊತೆಯಾಗುತ್ತಿದ್ದರು.

ಅಕ್ಕಾವ್ರ, ಮನ್ಸೂರ ಅಣ್ಣಾವರ ಕಛೇರಿ ಕೇಳೀರಂತ ಬರದಿದ್ರಿ. ಅವರ ಹಾಡಿನ್ಯಾಗ ಏನ್ ಬ್ಯಾರೆ ಇತ್ತು? – ಹಾವೇರಿಯ ಓದುಗರು

ಮಲ್ಲಿಕಾರ್ಜುನ ಮನ್ಸೂರರು ಕಾಯಿಸುತ್ತಿರಲಿಲ್ಲ. ತಂಬೂರಿ ಸೇರಿತು, ಷಡ್ಜ ಬಂತು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಚೀಜು (ರಾಗದ ಹಾಡು) ಶುರು. ಅವರದು ಜೈಪುರ-ಅತ್ರೌಲಿ ಘರಾಣೆ, ಮಂಜಿಖಾನ್ ಮತ್ತು ಭೂರ್ಜಿಖಾನ್ ಅವರಿಂದ ಬಂದ ವಿದ್ಯೆ. ಅಲ್ಲಿ ವಿಲಂಬಿತ ಅಂದರೂ ಅಷ್ಟು ನಿಧಾನ ಅಲ್ಲ. ಹೆಚ್ಚಾಗಿ ತೀನತಾಲ. ಸಮ್ (ತಾಳದ ಮೊದಲ ಮಾತ್ರೆ) ಬೇಗ ಬೇಗ ಎದುರಾಗುತ್ತದೆ. ಪ್ರತಿ ಸಲ ಹೊಸ ದಾರಿಯಿಂದ ಬಂದು ಅದನ್ನು ಹಿಡಿಯಬೇಕು. ಹಿಡಿಯುತ್ತಿದ್ದರು. ನಾವು ಬೆರಳಲ್ಲಿ ಎಣಿಸುತ್ತಾ, ಈ ಸಲ ಹೇಗೆ ಬರುತ್ತಾರೋ ಅಂತ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು.

ಶಿವಮತ ಭೈರವ, ನಟ ಬಿಹಾಗ, ಸಂಪೂರ್ಣ ಮಾಲಕಂಸದಂಥ ಅಪರೂಪದ ರಾಗಗಳನ್ನು ಅವರು ದಿನಬಳಕೆಯ ರಾಗದ ಹಾಗೆ ಸಲೀಸಾಗಿ ಹಾಡುತ್ತಿದ್ದರು. ಇಲ್ಲೂ ಹಿಂದೆ ಒಂದು ದನಿ ಇತ್ತು, ಮಗ ರಾಜಶೇಖರ ಮನ್ಸೂರರದ್ದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು, ಸಂಜೆ ಅಪ್ಪನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದರು. ಅಂಥ ಜಟಿಲ ರಾಗದಲ್ಲಿ, ಅಂಥ ಓಟದಲ್ಲಿ, ಅಪ್ಪ ಬಿಟ್ಟ ಕಡೆ ಎತ್ತಿಕೊಳ್ಳುವುದು ಎಷ್ಟು ಕಷ್ಟ ಅಲ್ವಾ? 2022ರಲ್ಲಿ ಅವರೂ ಹೋದರು. ಅವರು ಸ್ವತಂತ್ರವಾಗಿ ಹಾಡಿದ್ದನ್ನೂ ಹುಡುಕಿ ಕೇಳಿ. ‘ಮಗ’ ಅನ್ನುವ ಮಾತು ಪಕ್ಕಕ್ಕಿಟ್ಟು ಕೇಳಬೇಕಾದ ಗವಾಯಿ ಅವರು.

ಕೊನೆಗೆ ವಚನ. ‘ಅಕ್ಕ ಕೇಳವ್ವಾ’ ಅಂತ ಅಣ್ಣಾವರು ಎತ್ತಿಕೊಂಡರೆ ನನ್ನ ಪಕ್ಕದಲ್ಲಿ ಕೂತ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ರಾಗದ ಹೆಸರೂ ಗೊತ್ತಿಲ್ಲದೆ ಮೂರು ತಾಸು ಕೂತಿದ್ದವರು ಅವರು.

ತಂಬೂರಿ ಶ್ರುತಿ ಮಾಡುವುದರಲ್ಲೇ ಅಷ್ಟು ಹೊತ್ತು ಕಳೆಯುತ್ತಾರಲ್ಲ, ಈಗ ಮೊಬೈಲ್‌ನಲ್ಲೇ ತಂಬೂರಿ ಸಿಗುತ್ತದೆ. ಅದು ಸಾಲದೇ? – ಬೆಂಗಳೂರಿನ ಓದುಗರು

ಮನೆಯಲ್ಲಿ ರಿಯಾಜಿಗೆ ಸಾಕು. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದೇ ನಿಮ್ಮ ಬೆಂಗಳೂರಿನಲ್ಲಿ, ಜಿ. ರಾಜ್ ನಾರಾಯಣ್ ಅವರ ಕೈಯಲ್ಲಿ. ಒಬ್ಬರೇ ಕೂತು ಕಲಿಯುವವರಿಗೆ, ಪ್ರಯಾಣ ಮಾಡುವವರಿಗೆ ಅದರಿಂದ ಎಷ್ಟು ಉಪಕಾರವಾಗಿದೆ!

ಕಛೇರಿಯಲ್ಲಿ ಮಾತ್ರ ನನಗೆ ಎರಡು ನಿಜವಾದ ತಂಬೂರಿ ಬೇಕು. ನಾಲ್ಕು ತಂತಿಯಲ್ಲಿ ಮೊದಲನೆಯದು ರಾಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಸಾಮಾನ್ಯವಾಗಿ ಪಂಚಮ. ಮಾಲಕಂಸಕ್ಕೆ ಮಧ್ಯಮ. ಪಂಚಮವೇ ಇಲ್ಲದ ಮಾರವಾಕ್ಕೆ ನಿಷಾದ. ತಂತಿಗಳು ಕೂರುವ ಪಟ್ಟಿಗೆ ಕುದುರೆ ಅನ್ನುತ್ತಾರೆ. ಆ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ, ಅದನ್ನು ಚೂರು ಸರಿಸಿದರೆ ಜವಾರಿ (ತಂತಿಯ ಝೇಂಕಾರ) ತೆರೆದುಕೊಂಡು ಒಂದೇ ತಂತಿಯಿಂದ ಹತ್ತು ನಾದ ಬಂದ ಹಾಗಾಗುತ್ತದೆ. ವೇದಿಕೆಯ ದೀಪದ ಕಾವಿಗೆ, ಎ.ಸಿ.ಯ ತಂಪಿಗೆ ಎಲ್ಲ ಮತ್ತೆ ಬದಲಾಗುತ್ತದೆ. ಅದಕ್ಕೇ ಅಷ್ಟು ಹೊತ್ತು. ಆ ಹೊತ್ತಿನಲ್ಲಿ ಮಾತಾಡಬೇಡಿ, ಕೇಳಿ. ಎರಡು ತಂಬೂರಿ ಒಂದಾಗುವ ಗಳಿಗೆ ಕಿವಿಗೆ ಗೊತ್ತಾಗುತ್ತದೆ. ಇನ್ನೊಂದು ವಿಷಯ: ತಂಬೂರಿ ಹಿಡಿದವರು ಹೆಚ್ಚಾಗಿ ಶಿಷ್ಯರು. ಗುರುವಿನ ಬೆನ್ನ ಹಿಂದೆ ಕೂತು ಕಲಿಯುವ ಆ ಜಾಗವನ್ನು ಮೊಬೈಲ್ ತೆಗೆದುಕೊಂಡರೆ ಅವರು ಎಲ್ಲಿ ಕೂರಬೇಕು?

ಭೀಮಸೇನ ಜೋಶಿಯವರ ಬಗ್ಗೆ ಒಂದು ಮಾತೂ ಬರೆಯಲಿಲ್ಲ ಯಾಕೆ? – ಕಲಬುರಗಿಯ ಓದುಗರು

ಬೇಕಂತ ಬಿಟ್ಟಿದ್ದಲ್ಲ. ಭೀಮಣ್ಣನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಗದಗದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಉತ್ತರದ ಊರೂರು ಅಲೆದು, ಕೊನೆಗೆ ಮನೆಯ ಹತ್ತಿರದ ಕುಂದಗೋಳದಲ್ಲೇ ಗುರು ಸಿಕ್ಕ ಕಥೆ ನಿಮಗೂ ಗೊತ್ತು. ನನ್ನದೊಂದು ನೆನಪು ಮಾತ್ರ ಹೇಳುತ್ತೇನೆ. ಅವರು ಹಾಡುವಾಗ ಇಡೀ ಮೈ ಹಾಡುತ್ತಿತ್ತು. ಕೈ ಮೇಲೆ ಹೋಗುತ್ತಿತ್ತು, ತಲೆ ಕೆಳಗೆ ಬಾಗುತ್ತಿತ್ತು. ತಬಲಾದವರು ಆ ಕೈ ನೋಡಿಯೇ ತಾನ್ (ಸ್ವರಗಳ ವೇಗದ ಓಟ) ಎಲ್ಲಿಗೆ ಬಂದು ಬೀಳುತ್ತದೆ ಅಂತ ಹಿಡಿದುಬಿಡುತ್ತಿದ್ದರು. ಕೊನೆಗೆ ‘ಭಾಗ್ಯದ ಲಕ್ಷ್ಮೀ ಬಾರಮ್ಮಾ’ ಬೇಕು ಅಂತ ಹಿಂದಿನ ಸಾಲಿನಿಂದ ಕೂಗು. ಅವರು ಶುರು ಮಾಡಿದರೆ ಮುಂದಿನ ಸಾಲೂ ಹಿಂದಿನ ಸಾಲೂ ಒಂದೇ.

ಕುಂದಗೋಳದ ಅಹೋರಾತ್ರಿ ಸಂಗೀತಕ್ಕೆ ಹೋಗಬೇಕು ಅಂತ ಆಸೆ. ನಮ್ಮಂಥ ಹೊಸಬರು ಹೋಗಬಹುದಾ? – ಶಿರಸಿಯ ದಂಪತಿ

ಅಗತ್ಯವಾಗಿ ಹೋಗಿ. ಸವಾಯಿ ಗಂಧರ್ವರ ಪುಣ್ಯತಿಥಿ ನಿಮಿತ್ತ ನಾಡಿಗೇರ ವಾಡೆಯಲ್ಲಿ (ಹಳೆಯ ದೊಡ್ಡ ಮನೆಯಲ್ಲಿ) ನಡೆಯುವ ಸಂಗೀತ ಅದು. ಅವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ನಲವತ್ತು ವರ್ಷದ ನಂತರ ಅದೇ ತಾರೀಖಿಗೆ ಮನ್ಸೂರರೂ ಹೋದರು. ಕಾರ್ಯಕ್ರಮ ಯಾವ ದಿನ ಅಂತ ಮುಂಚೆಯೇ ವಿಚಾರಿಸಿಕೊಳ್ಳಿ. ಹಳೆಯ ಮರದ ಕಂಬಗಳ ನಡುವೆ ನೆಲದ ಮೇಲೆ ಕೂರುವುದು, ಹಾಗಾಗಿ ಒಂದು ಜಮಖಾನೆ, ತೆಳ್ಳನೆಯ ಶಾಲು ಇರಲಿ.

ನಿದ್ದೆ ಬಂದರೆ ಮಲಗಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಮಧ್ಯರಾತ್ರಿಗೆ ಎದ್ದು ಹೋಗಬೇಡಿ. ಪಟ್ಟಣದ ಸಭಾಂಗಣಗಳಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ಮುಗಿಯುತ್ತದೆ. ಅಲ್ಲಿ ಯಮನ್, ಬಿಹಾಗ್ ಎಷ್ಟು ಬೇಕಾದರೂ ಸಿಗುತ್ತವೆ. ಲಲತ್, ಭೈರವಗಳಂಥ ಬೆಳಗಿನ ರಾಗಗಳಿಗೆ ಅಲ್ಲಿ ಹೊತ್ತೇ ಬರುವುದಿಲ್ಲ. ಅವನ್ನು ಅವುಗಳ ಹೊತ್ತಿನಲ್ಲೇ, ಎದುರಿಗೆ ಕೂತು ಕೇಳಬೇಕಾದರೆ ರಾತ್ರಿಯೆಲ್ಲ ಕೂರಬೇಕು. ಸಮಯವಿದ್ದರೆ ಧಾರವಾಡದಲ್ಲಿ ಮನ್ಸೂರರ ಮನೆ ‘ಮೃತ್ಯುಂಜಯ’ ನೋಡಿ. ಗದಗದ ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿ ಬನ್ನಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕೊಟ್ಟ ಜಾಗ. ಎಷ್ಟೋ ಊರುಗಳ ತಬಲಾ, ಪೇಟಿಯವರು ಅಲ್ಲಿಂದಲೇ ಬಂದವರು.

ನನ್ನ ಮಗನಿಗೆ ಹನ್ನೆರಡು ವರ್ಷ, ತಬಲಾ ಕಲಿಯುತ್ತಿದ್ದಾನೆ. ಗಾಯನ ಕಛೇರಿಗೆ ಕರೆದುಕೊಂಡು ಹೋದರೆ ಅರ್ಧ ತಾಸಿಗೇ ಬೇಸರ ಅನ್ನುತ್ತಾನೆ. ಏನು ಮಾಡಲಿ? – ಬೆಳಗಾವಿಯ ತಾಯಿ

ಬೈಯಬೇಡಿ. ಅವನನ್ನು ಸರಿಯಾದ ಜಾಗದಲ್ಲಿ ಕೂರಿಸಿ. ತಬಲಾದವರು ಸಾಮಾನ್ಯವಾಗಿ ಹಾಡುವವರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ಆ ಬದಿಯಲ್ಲಿ, ಕೈ ಕಾಣುವಷ್ಟು ಹತ್ತಿರ ಜಾಗ ಹಿಡಿಯಿರಿ. ಹಾಡಿನ ಗೊಡವೆ ಅವನಿಗೆ ಸದ್ಯಕ್ಕೆ ಬೇಡ. ಏಕತಾಲದ ಠೇಕಾ ಹಿಡಿಯಲು ಹೇಳಿ: ಧಿನ್ ಧಿನ್ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧೀ ನಾ. ನಿಧಾನದಲ್ಲಿ ಅದನ್ನು ಎಣಿಸಿಕೊಂಡು ಸಮ್ ಬಂದಾಗ ನಿಮ್ಮ ಕೈ ಒತ್ತಲಿ. ಮೊದಮೊದಲು ತಪ್ಪಿಹೋಗುತ್ತಾನೆ, ತಪ್ಪಲಿ. ಒಂದು ಸಲ ಸರಿಯಾಗಿ ಸಿಕ್ಕಿತು ಅಂದರೆ ಮುಂದಿನದಕ್ಕೆ ತಾನೇ ಕಾಯುತ್ತಾನೆ. ಹಾಡುವವರು ಆ ಸಮ್‌ಗೆ ಹೇಗೆ ಬಂದರು ಅಂತ ಆಮೇಲೆ ತಾನಾಗಿಯೇ ಕೇಳುತ್ತಾನೆ.

ದೊಡ್ಡ ಸಭಾಂಗಣಕ್ಕಿಂತ ಯಾರದಾದರೂ ಮನೆಯ ಬೈಠಕ್ ಸಿಕ್ಕರೆ ಒಳ್ಳೆಯದು, ಮೈಕ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ವಿರಾಮದಲ್ಲಿ ನಿದ್ದೆ ಬಂದರೆ ಮನೆಗೆ ಕರೆದುಕೊಂಡು ಹೋಗಿ. ಹೋಗುವ ಮುಂಚೆ ತಬಲಾದವರ ಹತ್ತಿರ ಕರೆದೊಯ್ದು ನಮಸ್ಕಾರ ಮಾಡಿಸಿ. ಅವರ ಹೆಸರು ಏನು, ಅವರ ಗುರುಗಳು ಯಾರು ಅಂತ ಅವನೇ ಕೇಳಲಿ.